ಕಂಪ್ಯೂಟರಿಗೆ ಏರಿದ ತಿಪ್ಪಮ್ಮ

ಚಳ್ಳಕೆರೆಯಲ್ಲಿ ಕಂಪ್ಯೂಟರ್ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲವದು. ಆ ಬೆರಳುಗಳಲ್ಲಿ ಹೆಬ್ಬೆರಳು ನಾನೇ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಕ್ಲಾಸಿಗೆ ಹೋಗಿ ಪಡೆದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದ್ದೆ. ನನ್ನ ಹೆಂಡತಿ ತಿಪ್ಪಮ್ಮ ಊದುಬತ್ತಿ ಬೆಳಗುವಾಗ ಅದೊಂದನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ಇರಲಿ, ಅಸೂಯೆ!

ನಾವಿಬ್ಬರೂ ಊರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆವು. ಅವಳು ನರ್ಸು. ಮಕ್ಕಳಿಗೆ ಲಸಿಕೆ, ದೊಡ್ಡವರಿಗೆ ಇಂಜೆಕ್ಷನ್ ಅವಳ ವಿಭಾಗ. ನಾನು ಸ್ಟೋರಿನಲ್ಲಿ ಹತ್ತಿ, ಸಿರಿಂಜುಗಳ ಲೆಕ್ಕ ಬರೆಯುವ ಗುಮಾಸ್ತ. ಆಸ್ಪತ್ರೆಗೆ ಕಂಪ್ಯೂಟರ್ ಬಂದ ದಿನ, ಹೊಸದಾಗಿ ಬಂದಿದ್ದ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು.

"ರುದ್ರಮುನಿ, ನರ್ಸುಗಳ ಕೌಶಲ್ಯದ ಕಾರ್ಡುಗಳೆಲ್ಲ ಇದರೊಳಗೆ ಹೋಗಬೇಕು. ಆಗುತ್ತೇನಯ್ಯಾ?"

"ಹೋದ್ವು ಅಂತಲೇ ತಿಳ್ಕಳ್ರಿ ಸಾರ್!" ಎಂದೆ.

ಯಾವ ನರ್ಸಿಗೆ ಯಾವ ಕೆಲಸ ಬರುತ್ತದೆ ಎಂದು ತೋರಿಸಲು ಒಬ್ಬೊಬ್ಬರಿಗೂ ಒಂದು ಗುಲಾಬಿ ಬಣ್ಣದ ಕಾರ್ಡು ಇತ್ತು. ಡ್ರಿಪ್ ಹಾಕುವುದಿರಲಿ, ಹೆರಿಗೆ ಮಾಡಿಸುವುದಿರಲಿ, ಹೆಡ್ ನರ್ಸ್ ಮೆಹರುನ್ನೀಸಾ ಮೇಡಂ ಪಕ್ಕದಲ್ಲಿ ನಿಂತು ನೋಡಿ, ಒಪ್ಪಿಗೆಯಾದರೆ ಮಾತ್ರ ಕಾರ್ಡಿಗೆ ಟಿಕ್ ಹಾಕಿ ಸಹಿ ಮಾಡುತ್ತಿದ್ದರು. ಕೆಲವು ಕಾರ್ಡುಗಳ ಮೂಲೆಗೆ ತೂತು ಹೊಡೆದು ಕೆಂಪು, ಹಸಿರು, ಹಳದಿ ದಾರ ಬೇರೆ ಕಟ್ಟಿದ್ದರು.

ಕಾರ್ಡುಗಳ ಕಟ್ಟನ್ನು ಎತ್ತಿಕೊಂಡು ಬರುವಾಗ ಹೆರಿಗೆ ವಾರ್ಡಿನ ತಳಕಕ್ಕ ಅಡ್ಡ ಬಂದಳು. ತವರು ತಳಕು, ಹಾಗಾಗಿ ಎಲ್ಲರ ಬಾಯಲ್ಲೂ ತಳಕಕ್ಕ. ಗಂಡನ ಮನೆ ಮೊಳಕಾಲ್ಮೂರು. ದಿನಾ ಅಲ್ಲಿಂದ ಬಸ್ಸಿನಲ್ಲಿ ನಿಂತೇ ಬಂದು, ನಿಂತೇ ಕೆಲಸ ಮಾಡಿ, ನಿಂತೇ ಹೋಗುತ್ತಿದ್ದಳು. ಮೊಳಕಾಲ್ಮೂರಿನ ನಮ್ಮ ಶಾಖೆಯಲ್ಲಿ ಹೆರಿಗೆ ವಾರ್ಡು ಶುರುವಾಗುವುದನ್ನೇ ವರ್ಷಗಟ್ಟಲೆ ಕಾಯುತ್ತಿದ್ದಳು. ಈಗ ಅದು ಶುರುವಾಗುವುದರಲ್ಲಿತ್ತು.

"ಅಣ್ಣಾ, ನನ್ ಕಾರ್ಡು ಜ್ವಾಪಾನ. ಅಲ್ಲಿಗೆ ಯಾರನ್ನ ಹಾಕ್ಬೇಕು ಅಂತ ಡಾಕ್ಟ್ರು ಅದನ್ನೇ ನೋಡ್ತಾರಂತೆ. ಸಂಜೆ ಮಕ್ಳ ಮಖ ಬೆಳಕಿರುವಾಗ ನೋಡಿ ಎಷ್ಟ್ ದಿನ ಆತೋ."

"ಅಕ್ಕಾ, ಮನುಷ್ಯ ಮರೀಬೋದು, ಕಂಪ್ಯೂಟರ್ ಮರೆಯಲ್ಲ," ಎಂದು ಅಭಯಹಸ್ತ ತೋರಿಸಿದೆ.

ಕೆಲಸಕ್ಕೆ ಕೂತೆ. ಮೊದಲು ಕಣ್ಣಿಗೆ ಬಿದ್ದದ್ದು ಆ ದಾರಗಳು. ಕೀಬೋರ್ಡಿನ ಮೇಲೆಲ್ಲ ಜೋತು ಬೀಳುತ್ತಿದ್ದವು. ಕಂಪ್ಯೂಟರ್ ಯುಗದಲ್ಲಿ ದಾರವೇ? ಸ್ಟೋರಿನ ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಕಾರ್ಡುಗಳು ಈಗ ಎಷ್ಟು ಶಿಸ್ತಾಗಿ ಕಂಡವು!

ಅರ್ಧ ಕೆಲಸ ಮುಗಿಯುವಷ್ಟರಲ್ಲಿ ನನ್ನ ಎದೆ ಹಿಗ್ಗಿತು. ತಿಪ್ಪಮ್ಮ ಎಂಬ ಹೆಸರಿನಲ್ಲಿ ಮೂರು ಕಾರ್ಡುಗಳಿದ್ದವು. ಒಂದರಲ್ಲಿ ಲಸಿಕೆ, ಇಂಜೆಕ್ಷನ್. ಇನ್ನೊಂದರಲ್ಲಿ ಹೆರಿಗೆ. ಮತ್ತೊಂದರಲ್ಲಿ ಆಪರೇಷನ್ ಥಿಯೇಟರ್, ಹೊಲಿಗೆ, ಬ್ಯಾಂಡೇಜು. ನನ್ನ ಹೆಂಡತಿಗೆ ಇಷ್ಟೆಲ್ಲ ಬರುತ್ತದೆಯೇ? ಒಂದು ಕಾರ್ಡಿನಲ್ಲಿ ಹಿಡಿಸದೆ ಮೂರು ಮಾಡಿಸಿಕೊಂಡಿದ್ದಾಳೆಯೇ? ಮನೆಯಲ್ಲಿ ಒಂದು ಮಾತೂ ಆಡಿಲ್ಲವಲ್ಲ! ಎಂಥ ಸಂಕೋಚದ ಹೆಣ್ಣು ಎಂದು ಕಣ್ಣು ತೇವವಾಯಿತು. ಒಬ್ಬರಿಗೆ ಒಂದೇ ಸಾಲು ಎಂಬುದು ನಮ್ಮ ಕ್ಲಾಸಿನ ಮೇಷ್ಟ್ರು ಕಲಿಸಿದ ನಿಯಮ. ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿ, ಅವಳ ನೌಕರಿ ನಂಬರನ್ನು ಪಕ್ಕದಲ್ಲಿ ಹಾಕಿದೆ.

ತಳಕಕ್ಕನ ಹೆಸರಿನಲ್ಲಿ ಮಾತ್ರ ಕಾರ್ಡೇ ಸಿಗಲಿಲ್ಲ. ಪರಶುರಾಂಪುರದಿಂದ ಬರುವ, ಆಪರೇಷನ್ ಥಿಯೇಟರಿನ ನರ್ಸ್ ಪುರದಕ್ಕನದೂ ಇಲ್ಲ. ಪಾಪ ಎನಿಸಿತು. ಆದರೆ ಕಂಪ್ಯೂಟರಿನ ಮುಂದೆ ದಾಕ್ಷಿಣ್ಯ ನಡೆಯುವುದಿಲ್ಲ. ಇಬ್ಬರ ಮುಂದೆಯೂ 'ತರಬೇತಿ ಅಗತ್ಯ' ಎಂದು ಕುಟ್ಟಿ, ಪ್ರಿಂಟ್ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟೆ.

ಸೋಮವಾರ ನೋಟಿಸ್ ಬೋರ್ಡಿನ ಮುಂದೆ ಜನವೋ ಜನ. ಮೊಳಕಾಲ್ಮೂರು ಹೆರಿಗೆ ವಾರ್ಡಿನ ಉಸ್ತುವಾರಿಗೆ ನನ್ನ ಹೆಂಡತಿ ತಿಪ್ಪಮ್ಮ! ತಳಕಕ್ಕ ಮತ್ತು ಪುರದಕ್ಕ ಇಂಜೆಕ್ಷನ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಲಿಯತಕ್ಕದ್ದು. ಕಲಿಸುವವರು ಯಾರು? ಅದೇ ತಿಪ್ಪಮ್ಮ!

ಅಭಿನಂದನೆ ಸ್ವೀಕರಿಸಲು ನಾನು ಅಂಗಿಯ ಕಾಲರ್ ಸರಿಮಾಡಿಕೊಂಡು ಹೋದೆ. ಹೆಂಡತಿ ಸಿರಿಂಜು ಹಿಡಿದುಕೊಂಡೇ ಬಂದಳು.

"ರೀ, ನಾನು ಯಾವಾಗ್ರೀ ಹೆರಿಗೆ ಮಾಡ್ಸಿದೀನಿ?"

"ನಾಚಿಕೆ ಬೇಡ ಕಣೇ. ಕಾರ್ಡಲ್ಲೇ ಐತೆ."

"ನನ್ನ ಎರಡು ಹೆರಿಗೆ ಬಿಟ್ರೆ ಆ ಕಡೆ ತಲೆ ಹಾಕಿಲ್ಲ! ನಮ್ಮ ಮಕ್ಳನ್ನ ಎತ್ತಿ ನಿಮ್ಮ ಕೈಗೆ ಕೊಟ್ಟಿದ್ದು ಯಾರ್ರೀ? ತಳಕಕ್ಕ ಅಲ್ವೇನ್ರೀ? ಆಯಮ್ಮಂಗೆ ಏನೂ ಬರಲ್ಲ ಅಂತ ಬರೆದೀರಲ್ಲ, ಕೈ ಹೆಂಗಾದ್ರೂ ಬಂತು ನಿಮಗೆ?"

ತಳಕಕ್ಕ ಬೈಯಲಿಲ್ಲ. ಬೋರ್ಡಿನ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇರ್ಲಿ ಬಿಡಣ್ಣ, ಬಸ್ಸೇ ನನಗೆ ಗಟ್ಟಿ," ಎಂದಳು. ಸರಿಮಾಡಿಕೊಂಡಿದ್ದ ಕಾಲರನ್ನು ನಾನು ಮೆಲ್ಲಗೆ ಇಳಿಸಿದೆ.

ಅಷ್ಟರಲ್ಲಿ ಮೆಹರುನ್ನೀಸಾ ಮೇಡಂ ಕಾರ್ಡುಗಳನ್ನು ಹಿಡಿದು ಬಂದರು. "ಅರೇ ಸಾಬ್! ದಾರ ಎಲ್ಲಿ?"

"ಕತ್ತರಿಸಿ ಎಸೆದೆ ಮೇಡಂ. ನೀಟಾಗಿ ಕಾಣ್ಲಿ ಅಂತ."

"ಯಾ ಅಲ್ಲಾ! ತಳಕಕ್ಕನೂ ತಿಪ್ಪಮ್ಮ, ಪುರದಕ್ಕನೂ ತಿಪ್ಪಮ್ಮ, ನಿಮ್ಮ ಮನೆಯವ್ರೂ ತಿಪ್ಪಮ್ಮ! ಕೆಂಪು, ಹಸಿರು, ಹಳದಿ ಕಟ್ಟಿದ್ದು ಮತ್ಯಾಕೆ? ಅಲಂಕಾರಕ್ಕಾ?"

ನಮ್ಮ ಸೀಮೆಯ ದೇವರು ತಿಪ್ಪೇಸ್ವಾಮಿ; ಗಂಡಾದರೆ ತಿಪ್ಪೇಸ್ವಾಮಿ, ಹೆಣ್ಣಾದರೆ ತಿಪ್ಪಮ್ಮ ಎಂದು ಆ ಹೆಸರು ಹೊತ್ತವರಿಲ್ಲದ ಮನೆಯೇ ಇಲ್ಲಿಲ್ಲ. ನನ್ನ ಸ್ವಂತ ತಮ್ಮನೇ ತಿಪ್ಪೇಸ್ವಾಮಿ. ಇಷ್ಟಾದರೂ ನನಗೆ ಹೊಳೆಯಲಿಲ್ಲವೆಂದರೆ ನನ್ನ ತಲೆ ಎಂಥದ್ದೆಂದು ನೀವೇ ಊಹಿಸಿ.

ಡಾಕ್ಟರು ಎಲ್ಲವನ್ನೂ ಶಾಂತವಾಗಿ ಕೇಳಿದರು. ಆ ಶಾಂತಿಯೇ ನನಗೆ ಹೆದರಿಕೆ ಹುಟ್ಟಿಸಿತು. "ಯಾರ ಬಾಯಿಮಾತೂ ಬೇಡ. ಮೂವರೂ ಈಗಲೇ ನನ್ನೆದುರು ಮಾಡಿ ತೋರಿಸಲಿ, ಹೊಸ ಕಾರ್ಡು ಬರೆಯೋಣ," ಎಂದರು.

"ಸಾರ್, ರೋಗಿ ಬೇಕಲ್ಲ?" ಎಂದರು ಮೇಡಂ.

ಎಲ್ಲರೂ ನನ್ನ ಕಡೆ ತಿರುಗಿದರು.

ಮೊದಲ ಸರದಿ ನನ್ನ ಧರ್ಮಪತ್ನಿಯದು. "ಬಿ-ಕಾಂಪ್ಲೆಕ್ಸ್ ಸಾರ್. ಬುದ್ಧಿ ಬರಲ್ಲ, ಶಕ್ತಿಯಾದ್ರೂ ಬರ್ಲಿ," ಎಂದು ಸೊಂಟಕ್ಕೆ ಚುಚ್ಚಿದಳು. ಅವಳು ಸೂಜಿ ಹಾಕಿದರೆ ಹಸುಗೂಸೂ ಅಳುವುದಿಲ್ಲ ಎಂದು ಊರಲ್ಲಿ ಹೆಸರು. ನಾನು ಅತ್ತುಬಿಟ್ಟೆ! ಆಮೇಲೆ ಪುರದಕ್ಕ ಬ್ಯಾಂಡೇಜು ಸುತ್ತತೊಡಗಿದಳು. ತಲೆಯಿಂದ ಶುರುಮಾಡಿದವಳು ಬಾಯಿಯನ್ನೂ ಸೇರಿಸಿ ಸುತ್ತಿದಳು. ಅದು ಚಿಕಿತ್ಸೆಗೋ ಸೇಡಿಗೋ ತಿಳಿಯಲಿಲ್ಲ, ಡಾಕ್ಟರು ಮಾತ್ರ ಬಹಳ ಮೆಚ್ಚಿದರು.

ಉಳಿದದ್ದು ಹೆರಿಗೆ. ಇದಕ್ಕೂ ನನ್ನನ್ನೇ ಮಲಗಿಸಿಬಿಟ್ಟಾರೆಂದು ಬಾಗಿಲ ಕಡೆ ಜರುಗುತ್ತಿದ್ದೆ. ಅಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದಾಯಿತು. ದೊಡ್ಡಉಳ್ಳಾರ್ತಿ ಕಡೆಯ ಬಸುರಿಯೊಬ್ಬಳು, ನೋವು ಜೋರಾಗಿತ್ತು. ಮಗು ಅಡ್ಡ ತಿರುಗಿದೆ ಎಂದು ಜೊತೆಗೆ ಬಂದ ಅಜ್ಜಿ ಕೂಗಾಡುತ್ತಿದ್ದಳು. ತಳಕಕ್ಕ ಕಣ್ಣೊರೆಸಿಕೊಂಡು ಓಡಿದಳು, ಡಾಕ್ಟರೂ ಹಿಂದೆಯೇ ಹೋದರು.

ಬಾಯಿಗೆ ಬ್ಯಾಂಡೇಜು ಸುತ್ತಿಕೊಂಡು, ಕೂರಲಾರದೆ, ನಾನು ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತೆ. ಆ ತಾಯಿಗೆ ಏನೂ ಆಗದಿರಲಿ, ತಳಕಕ್ಕನಿಗೆ ಅವಳ ಊರು ಸಿಗಲಿ ಎಂದು ಬೇಡಿಕೊಂಡೆ. ಕೊನೆಗೂ ಮಗುವಿನ ಅಳು ಕೇಳಿಸಿತು. ಡಾಕ್ಟರು ಹೊರಬಂದು ಬೆವರೊರೆಸಿಕೊಂಡರು.

"ಮೇಡಂ, ಕಾರ್ಡು ಕೊಡಿ. ನಾನು ಬರೀ ನೋಡುತ್ತ ನಿಂತಿದ್ದೆ, ಎಲ್ಲ ಮಾಡಿದ್ದು ಈಕೆ. ಮೊಳಕಾಲ್ಮೂರಿಗೆ ಇವರೇ ಹೋಗಲಿ."

ತಳಕಕ್ಕ ಅಲ್ಲೇ ಕುಸಿದು ಕೂತು ನಕ್ಕಳು, ಅತ್ತಳು. ನನ್ನ ಹೆಂಡತಿ ಅವಳನ್ನು ತಬ್ಬಿಕೊಂಡಳು. ಅಜ್ಜಿ ನಗುತ್ತ ನೇರ ನನ್ನ ಬಳಿ ಬಂದಳು. "ಹೆಣ್ಮಗಾ ಕಣಪ್ಪಾ! ಕಂಪ್ಯೂಟ್ರು ನೀನೇ ಅಂತಲ್ಲ, ಹೆಸರು ಈಗ್ಲೇ ಬರ್ಕ. ಹರಕೆ ಹೊತ್ತಿದ್ವಿ. ತಿಪ್ಪಮ್ಮ ಅಂತ ಬರಿ!"

ಮಾತಾಡಲು ಬಾಯಿ ತೆರೆಯುವಂತಿರಲಿಲ್ಲ. ಅದೇ ಆ ದಿನದ ಪುಣ್ಯ.

ಮರುದಿನ ನನ್ನ ಮೇಜಿನ ಮೇಲೆ ಹೊಸದೊಂದು ಗುಲಾಬಿ ಕಾರ್ಡು ಬಿದ್ದಿತ್ತು. ಮೇಲೆ ನನ್ನ ಹೆಸರು. ಅಲುಗಾಡದೆ ಚುಚ್ಚಿಸಿಕೊಳ್ಳುವುದು: ಟಿಕ್. ಬ್ಯಾಂಡೇಜಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು: ಟಿಕ್. ಕಂಪ್ಯೂಟರ್: ತರಬೇತಿ ಅಗತ್ಯ. ಕೆಳಗೆ ಮೇಡಂ ಸಹಿ, ಪಕ್ಕದಲ್ಲಿ ಮೂವರು ತಿಪ್ಪಮ್ಮಂದಿರ ಸಹಿ.

ಅದಕ್ಕೂ ಕಟ್ಟು ಹಾಕಿಸಿ ಸರ್ಟಿಫಿಕೇಟಿನ ಪಕ್ಕ ತೂಗುಹಾಕಿದ್ದೇನೆ. ನನ್ನ ಹೆಂಡತಿ ಈಗ ಊದುಬತ್ತಿ ಬೆಳಗುವಾಗ ಈ ಕಾರ್ಡಿಗೆ ಮಾತ್ರ ತಪ್ಪದೆ ಬೆಳಗುತ್ತಾಳೆ.