ಹದಿನೈದು ಆಂಪ್ಸಿನ ಪಾಯಿಂಟು

ಕಾರಿನ ಜೊತೆಗೆ ಬಂದ ಪ್ಲಗ್ಗಿನ ಪಿನ್ನುಗಳು ದಪ್ಪಗಿದ್ದವು, ಬೈರೇಶನ ಮನೆಯ ಗೋಡೆಯಲ್ಲಿದ್ದ ತೂತುಗಳು ಸಣ್ಣಗಿದ್ದವು. ಆ ಭಾನುವಾರ ಅವನ ತಲೆಯ ಮೇಲೆ ಬಂದು ಬಿದ್ದದ್ದಕ್ಕೆಲ್ಲ ಮೂಲ ಇಷ್ಟೇ.

ಬೈರೇಶ ಬಿಡದಿಯ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಗಳಲ್ಲೊಂದರ ಸ್ಟೋರಿನಲ್ಲಿ ಗುಮಾಸ್ತ. ರಾಮನಗರದ ಐಜೂರಿನಲ್ಲಿ, ನಾಗಲಕ್ಷ್ಮಮ್ಮನವರ ವಠಾರದಲ್ಲಿ ಬಾಡಿಗೆಗಿದ್ದ. ಸಾಲಾಗಿ ಮೂರು ಮನೆ. ಒಂದು ತುದಿಯಲ್ಲಿ ಮಾಲೀಕರಾದ ನಾಗಲಕ್ಷ್ಮಮ್ಮ, ಇನ್ನೊಂದು ತುದಿಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವ ಮುನ್ನೀ, ನಡುವಿನದರಲ್ಲಿ ಇವನು ಮತ್ತು ಇವನ ಹೆಂಡತಿ ವನಜಾಕ್ಷಿ.

ವನಜಾಕ್ಷಿ ಕೂಟಗಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಮದುವೆಯಾಗಿ ಒಂಬತ್ತು ವರ್ಷ, ಎರಡು ಸಲ ಕಟ್ಟಿದ ಬಸಿರು ನಿಂತಿರಲಿಲ್ಲ. ಈಗ ಮೂರನೆಯ ಸಲ, ನಾಲ್ಕು ತಿಂಗಳು. ಡಾಕ್ಟರಮ್ಮ ಬಸ್ಸೂ ಬೇಡ, ಸ್ಕೂಟರೂ ಬೇಡ, ಹೋಗಲೇಬೇಕಿದ್ದರೆ ಕಾರಿನಲ್ಲಿ ಮೆಲ್ಲಗೆ ಹೋಗಿ ಎಂದಿದ್ದರು. ಶಾಲೆಯವರು, ಒಂದು ತಿಂಗಳ ರಜೆ ಮುಗಿದ ಮೇಲೆ ಸೋಮವಾರ ಬರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಡಾಕ್ಟರಮ್ಮನಿಗೂ ಶಾಲೆಯವರಿಗೂ ನಡುವೆ ಸಿಕ್ಕಿಕೊಂಡ ಬೈರೇಶನಿಗೆ ಕಾರ್ಖಾನೆಯ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಮಾರಾಟಕ್ಕಿದ್ದ ಹಳೆಯ ಬ್ಯಾಟರಿ ಕಾರನ್ನು ತೋರಿಸಿದ. ಪೆಟ್ರೋಲ್ ಬೇಡ, ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗ್ಗೆ ಓಡುತ್ತದೆ. ಬೆಲೆಯೂ ಕಡಿಮೆ. ಮಾರುವವನು ಒಂದು ಸಲವೂ ಚೌಕಾಸಿ ಮಾಡದೆ, ಕಾಫಿ ಕೊಟ್ಟು, ಗೇಟಿನವರೆಗೆ ಬಂದು ಕೈಕುಲುಕಿ ಕಳಿಸಿದ. ಆಗಲೇ ಅನುಮಾನ ಬರಬೇಕಿತ್ತು. ಬೈರೇಶ ಅದನ್ನು ಒಳ್ಳೆಯತನ ಎಂದುಕೊಂಡ.

ಶನಿವಾರ ಸಂಜೆ ಕಾರು ಮನೆಮುಂದೆ ಬಂದು ನಿಂತಾಗ ಅದರ ಚಾರ್ಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಗಾತ್ರದಲ್ಲಿ ಅದು ಚನ್ನಪಟ್ಟಣದ ಗೊಂಬೆ ಅಂಗಡಿಯ ಕಪಾಟಿನಿಂದ ಇಳಿಸಿ ತಂದಂತಿತ್ತು. ಬೈರೇಶ ಅಂಗಡಿಯಿಂದ ತಂದ ಅಡಾಪ್ಟರಿಗೆ ದಪ್ಪ ಪ್ಲಗ್ಗನ್ನು ಸಿಕ್ಕಿಸಿ, ಅದನ್ನು ಇಸ್ತ್ರಿಪೆಟ್ಟಿಗೆಯ ಸಾಕೆಟ್ಟಿಗೆ ತುರುಕಿ ಸ್ವಿಚ್ಚು ಒತ್ತಿದ. ಗೋಡೆಯ ಒಳಗೆ ಯಾರೋ ಒಗ್ಗರಣೆ ಹಾಕಿದ ಸದ್ದಾಯಿತು. ಮೂರು ಮನೆಯ ಕರೆಂಟೂ ಹೋಯಿತು. ನಾಗಲಕ್ಷ್ಮಮ್ಮನವರ ಟೀವಿಯಲ್ಲಿ ಅತ್ತೆ ಸೊಸೆಗೆ ಹೇಳಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯಿತು.

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಎಲೆಕ್ಟ್ರಿಷಿಯನ್ ನಜೀರ್ ಬಂದ. ಮುನ್ನೀಯ ಮೈದುನ, ಮಾತು ಕಮ್ಮಿ, ಕೆಲಸ ಚೊಕ್ಕ. ಸುಟ್ಟ ಸಾಕೆಟ್ಟನ್ನು ಬಿಚ್ಚಿ, ಅದರ ಹಿಂದಿನ ವೈರನ್ನು ಬೆರಳಲ್ಲಿ ಎಳೆದು ನೋಡಿದ.

"ಅಣ್ಣಾ, ಇದು ವೈರಲ್ಲ, ದಾರ," ಎಂದ. "ಇದ್ರಲ್ಲಿ ಕಾರ್ ಚಾರ್ಜ್ ಮಾಡಿದ್ರೆ ಮೊದ್ಲು ಮನೆ ಹತ್ಕೋತದೆ."

ಹದಿನೈದು ಆಂಪ್ಸಿನ ಒಂದು ಪಾಯಿಂಟು, ಅಲ್ಲಿಯವರೆಗೆ ದಪ್ಪ ವೈರು, ಸಾವಿರದೊಳಗೆ ಮುಗಿಯುತ್ತದೆ ಎಂದು ನಜೀರ್ ಲೆಕ್ಕ ಹೇಳಿದ. ಸಾವಿರ ಎಂದರೆ ಪರವಾಗಿಲ್ಲ ಎಂದು ಬೈರೇಶ ಉಸಿರು ಬಿಡುವಷ್ಟರಲ್ಲಿ ಎದುರು ಮನೆಯ ಕೆಂಚಯ್ಯ ಹಲ್ಲುಜ್ಜುತ್ತ ಬಂದರು.

ಕೆಂಚಯ್ಯ ಮೂವತ್ತು ವರ್ಷ ಮನೆಮನೆಗೆ ಹೋಗಿ ಮೀಟರ್ ಓದಿ ನಿವೃತ್ತರಾದವರು. ಮೀಟರ್ ಓದುವುದು ನಿಂತಿದ್ದರೂ ಮನೆಮನೆಗೆ ಹೋಗುವುದು ನಿಂತಿರಲಿಲ್ಲ. ಬೋರ್ಡನ್ನು ನೋಡಿ, ವೈರನ್ನು ನೋಡಿ, ಬಾಯಿ ಮುಕ್ಕಳಿಸಿ ಉಗಿದು ಬಂದು ತೀರ್ಪು ಕೊಟ್ಟರು.

"ಮೀಟ್ರಿಂದ್ಲೇ ಹೊಸದು ಎಳೀಬೇಕು ಕಣ್ಲಾ ಬೈರೇಶ. ಅರ್ತಿಂಗೂ ಹಾಕ್ಸು. ಹೊಟ್ಟೇಲಿ ಮಗ ಮಡೀಕೊಂಡಿರೋಳು ಮಳೇಲಿ ಕಾರ್ ಬಾಗಿಲು ಮುಟ್ತಾಳೆ. ಶಾಕ್ ಹೊಡುದ್ರೆ ಏನ್ಲಾ ಮಾಡ್ತೀಯಾ?"

ಬೈರೇಶ ನಜೀರನ ಕಡೆ ತಿರುಗಿದ. ನಜೀರ್ ಕೂಡ ಅರ್ತಿಂಗ್ ಇದ್ದರೆ ಒಳ್ಳೆಯದೇ ಎಂದ. ಬೈರೇಶ ಒಳಗೆ ಹೋಗಿ, ಹೆರಿಗೆಗೆಂದು ಸೀರೆಯ ಮಡಿಕೆಯಲ್ಲಿ ಎತ್ತಿಟ್ಟಿದ್ದ ದುಡ್ಡಿನಲ್ಲಿ ಒಂದು ಪಾಲು ತೆಗೆದುಕೊಂಡ. ವನಜಾಕ್ಷಿ ನೋಡಿದಳು, ಸೀರೆಯನ್ನು ಮತ್ತೆ ಮಡಚಿಟ್ಟಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಗೋಡೆ ಕೊರೆಯಲು ಮಾಲೀಕರ ಅನುಮತಿ ಬೇಕಿತ್ತು. ನಾಗಲಕ್ಷ್ಮಮ್ಮ ಬೇಡವೆನ್ನಲಿಲ್ಲ. ನಿಮ್ಮ ಕಾರಿಗೆ ಬೇಕಾದ್ದನ್ನು ನೀವು ಹಾಕಿಸಿಕೊಳ್ಳಿ, ಗೋಡೆ ಮಾತ್ರ ಹಾಳಾಗಬಾರದು ಎಂದರು. ಒಂದು ನಿಮಿಷ ಬಿಟ್ಟು, ಹೇಗೂ ಮೀಟರಿನಿಂದ ಹೊಸ ವೈರು ಬರುತ್ತಿದೆಯಲ್ಲ, ತಮ್ಮ ಮನೆಯ ಕಡೆಗೂ ಒಂದು ಎಳೆ ಎಳೆದುಬಿಡಲಿ ಎಂದರು. ಎಳೆ ಎಳೆದ ಮೇಲೆ ಹಳೆಯ ಬೋರ್ಡು ಅದಕ್ಕೆ ಒಪ್ಪಲಿಲ್ಲ, ಹೊಸ ಬೋರ್ಡು ಬಂತು. ನಜೀರ್ ಏಣಿಯ ಮೇಲಿದ್ದಾನಲ್ಲ ಎಂದು ದೇವರಮನೆಗೊಂದು ಪಾಯಿಂಟು, ಬಾಗಿಲಿಗೊಂದು ಬೆಲ್ಲು ಬಂದವು. ಮುನ್ನೀಯ ಮನೆಯನ್ನು ಮಾತ್ರ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಅಲ್ಲಿಗೂ ವೈರು ಹೋಯಿತು. ಹಾರ್ಡ್‌ವೇರ್ ಅಂಗಡಿಯವನು ಮಧ್ಯಾಹ್ನಕ್ಕೆ ಬಾಗಿಲು ಎಳೆಯುವವನು, ಬೈರೇಶ ನಾಲ್ಕನೆಯ ಸಲ ಬಂದದ್ದನ್ನು ನೋಡಿ ಸ್ಟೂಲು ಹಾಕಿ ಕೂರಿಸಿ ಟೀ ತರಿಸಿದ. ಅವತ್ತು ಅವನಿಗೆ ಸಿಕ್ಕ ಎರಡನೆಯ ಪುಕ್ಕಟೆ ಮರ್ಯಾದೆ ಅದು. ಮೊದಲನೆಯದನ್ನು ಕೊಟ್ಟದ್ದು ಬೀದಿ ನಾಯಿ. ಬೆಳಗಿನಿಂದ ಓಡಾಡಿದ್ದನ್ನು ಕಂಡು ಅದು ಇವನಿಗೆ ಬೊಗಳುವುದನ್ನು ಬಿಟ್ಟಿತ್ತು.

ಅರ್ತಿಂಗಿಗೆ, ಅಂದರೆ ಸೋರಿದ ಕರೆಂಟು ನೆಲಕ್ಕೆ ಇಳಿಯುವುದಕ್ಕೆ, ಆಳುದ್ದದ ಗುಂಡಿ ಬೇಕು. ರಾಮನಗರದಲ್ಲಿ ಗುಂಡಿ ತೋಡುವುದೆಂದರೆ ಬೆಟ್ಟದ ಜೊತೆ ಜಗಳಕ್ಕೆ ಹೋದ ಹಾಗೆ. ಮೊದಲ ಗುಂಡಿ ಎರಡು ಅಡಿಗೆ ಬಂಡೆಗೆ ಬಡಿದು ನಿಂತಿತು. ಕೆಂಚಯ್ಯ ಬೆರಳು ತೋರಿಸಿದ ಕಡೆ ಎರಡನೆಯದನ್ನು ತೋಡಿದರು. ಅಲ್ಲಿ ಬಂಡೆ ಇರಲಿಲ್ಲ, ಮುನ್ನೀಯ ಮನೆಯ ನೀರಿನ ಪೈಪು ಇತ್ತು. ಗುದ್ದಲಿ ಬಿದ್ದ ಕ್ಷಣ ನೀರು ಕಾರಿನ ಚಾವಣಿಗಿಂತ ಎತ್ತರಕ್ಕೆ ಚಿಮ್ಮಿತು. ಪೈಪಿಗೆ ತೇಪೆ ಹಾಕಿಸಿ, ಮುನ್ನೀಗೆ ಬೀದಿ ಕೊಳಾಯಿಯಿಂದ ಹನ್ನೆರಡು ಬಿಂದಿಗೆ ನೀರು ಹೊತ್ತು ಹಾಕಿ ಬಂದಾಗ ಬೈರೇಶನ ಭುಜ ಕಳಚಿಬಿದ್ದಂತಿತ್ತು. ಮೂರನೆಯ ಗುಂಡಿ ನಾಗಲಕ್ಷ್ಮಮ್ಮನವರ ದಾಸವಾಳದ ಬುಡದಲ್ಲಿ ಸರಿಹೋಯಿತು. ದಾಸವಾಳಕ್ಕೆ ಬದಲು ಎರಡು ಗುಲಾಬಿ ಗಿಡ ತಂದುಕೊಡುವುದೆಂದು ಒಪ್ಪಂದವಾಯಿತು.

ಒಂದು ಮೂಟೆ ಇದ್ದಿಲು, ಒಂದು ಮೂಟೆ ಕಲ್ಲುಪ್ಪನ್ನು ಗುಂಡಿಗೆ ಸುರಿಯುವುದನ್ನು ನೋಡಿ ಮುನ್ನೀ, ಏನು ಬೈರೇಶಣ್ಣಾ, ಉಪ್ಪಿನಕಾಯಿ ಹಾಕ್ತಿದ್ದೀರಾ ಎಂದು ಕೇಳಿದಳು. ಯಾರೂ ನಗಲಿಲ್ಲ. ಬೈರೇಶನ ಜೇಬಿನಲ್ಲಿ ಉಳಿದದ್ದು ಬೆಳಗ್ಗೆ ನಜೀರ್ ಹೇಳಿದ ಸಾವಿರವೂ ಆಗಿರಲಿಲ್ಲ. ಸೀರೆಯ ಮಡಿಕೆಗೆ ಅವನು ಅಷ್ಟರಲ್ಲಿ ಮೂರು ಸಲ ಕೈಹಾಕಿದ್ದ. ಮೂರನೆಯ ಸಲ ವನಜಾಕ್ಷಿ ತಾನೇ ಸೀರೆಯನ್ನು ಬಿಡಿಸಿ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಐದೂವರೆಗೆ ಕೆಲಸ ಮುಗಿಯಿತು. ಮನೆಯ ಮುಂಗೋಡೆಯಲ್ಲಿ ಹೊಳೆಯುವ ಹೊಸ ಪಾಯಿಂಟು, ಅದರ ಪಕ್ಕದಲ್ಲಿ ದಪ್ಪ ಸ್ವಿಚ್ಚು. ವಠಾರದವರೆಲ್ಲ ಸೇರಿದರು. ನಜೀರ್ ಪ್ಲಗ್ ಸಿಕ್ಕಿಸಿ ಸ್ವಿಚ್ಚು ಒತ್ತಿದ. ಏನೂ ಸಿಡಿಯಲಿಲ್ಲ. ಕಾರಿನ ಒಳಗೆ ಒಂದು ಸಣ್ಣ ದೀಪ ಹತ್ತಿತು, ಹೊಟ್ಟೆ ತುಂಬಿದ ಬೆಕ್ಕಿನಂತೆ ಅದು ಗುರುಗುಟ್ಟತೊಡಗಿತು. ಎಂಟು ಗಂಟೆ ಹೊತ್ತು ಹೀಗೇ ಇದ್ದರೆ ಬೆಳಗ್ಗೆ ಕೂಟಗಲ್ಲಿಗೆ ಹೋಗಿ ಬರುವುದಕ್ಕೆ ಧಾರಾಳ. ವನಜಾಕ್ಷಿ ಬಾಗಿಲಿಗೆ ಬಂದು ನಿಂತು ದೀಪವನ್ನು ನೋಡಿದಳು. ದಿನದಲ್ಲಿ ಮೊದಲ ಸಲ ಅವಳ ಮುಖ ತುಸು ಸಡಿಲವಾಯಿತು. ಬೈರೇಶನಿಗೆ ಹೋದ ದುಡ್ಡೆಲ್ಲ ಹೋಗಲಿ ಅನ್ನಿಸಿತು.

ಮಧ್ಯಾಹ್ನವೆಲ್ಲ ಟೀ ಅಂಗಡಿಯಲ್ಲಿ ಈ ವೈರಿಂಗಿನ ಗುಣಗಾನ ಮಾಡುತ್ತಿದ್ದ ಕೆಂಚಯ್ಯ ಆ ಹೊತ್ತಿಗೆ ಒಬ್ಬರನ್ನು ಕರೆದುಕೊಂಡು ಬಂದರು. ಬಿಳಿ ಅಂಗಿ, ಜೇಬಲ್ಲಿ ಎರಡು ಪೆನ್ನು. ಹೆಸರು ಮರಿಯಪ್ಪ, ಬಿಡದಿಯ ಕಂಪನಿಗಳಿಗೆ ರಬ್ಬರ್ ವಾಷರು ಕತ್ತರಿಸಿ ಕೊಡುವ ಸಣ್ಣ ಕಸುಬು. ಕೆಲಸ ನೋಡಬೇಕಂತೆ ಎಂದು ಕೆಂಚಯ್ಯ ಹೇಳಿದರು.

ತನ್ನ ಕೆಲಸವನ್ನು ನೋಡಲು ಬೇರೆ ಬೀದಿಯಿಂದ ಜನ ಬರುತ್ತಿದ್ದಾರೆ ಎಂದು ಬೈರೇಶ ಉಬ್ಬಿದ. ಮರಿಯಪ್ಪ ಕಾರಿನ ಕಡೆ ತಿರುಗಿಯೂ ನೋಡದಿದ್ದದ್ದು ಅವನ ಗಮನಕ್ಕೆ ಬರಲಿಲ್ಲ. ಮೀಟರಿನಿಂದ ಪಾಯಿಂಟಿನವರೆಗೆ ವೈರಿನ ದಾರಿಯನ್ನು ತೋರಿಸಿದ, ಗುಂಡಿಗೆ ಹಾಕಿದ ಇದ್ದಿಲಿನ ತೂಕ ಹೇಳಿದ, ಒಳಗೆ ಕರೆದು ಬೋರ್ಡು ತೋರಿಸಿದ. ಇದರ ಮೇಲೆ ಎಷ್ಟು ಲೋಡು ಹಾಕಬಹುದು ಎಂದು ಮರಿಯಪ್ಪ ಕೇಳಿದ್ದಕ್ಕೆ, "ಇಂಥ ಕಾರು ಎರಡು ತಂದು ನಿಲ್ಸಿ ಸಾರ್, ವೈರು ಬಿಸೀನೂ ಆಗಲ್ಲ," ಎಂದ. ನಜೀರ್ ಕೆಮ್ಮಿದ. ಮರಿಯಪ್ಪ ನಡುಮನೆಯ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು, ಬಲು ಚೆನ್ನಾಗಿದೆ ಎಂದು ಹೊಗಳಿ, ನಾಗಲಕ್ಷ್ಮಮ್ಮನವರ ಮನೆಯ ಹೊಸ ಬೆಲ್ಲನ್ನು ಒತ್ತಿ ಒಳಗೆ ಹೋದರು.

ಅರ್ಧ ಗಂಟೆಯಾದ ಮೇಲೆ ಅವರು ಹೊರಗೆ ಬಂದು ಹೊರಟುಹೋದರು. ನಾಗಲಕ್ಷ್ಮಮ್ಮ ಬೈರೇಶನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒಂದು ಲೋಟ ಕಾಫಿ ಇತ್ತು, ಅದನ್ನು ಅವನಿಗೆ ಕೊಟ್ಟರು.

"ಬೈರೇಶಪ್ಪ, ನಾನು ಕೆಟ್ಟೋಳಲ್ಲ. ಗಂಡನಿಲ್ದೋಳು, ಬಾಡ್ಗೇಲೇ ಬದುಕು. ಆವಯ್ಯ ಎರಡು ಮೆಷೀನ್ ಮಡಗ್ತಾರಂತೆ. ನೀವು ಕೊಡೋದ್ರ ಎರಡರಷ್ಟು ಕೊಡ್ತೀನಿ ಅಂದ್ರು. ತಿಂಗ್ಳ ಕೊನೇಗೆ ಮನೆ ಬುಟ್ಕೊಡಿ."

ಬೈರೇಶನಿಗೆ ಮಾತು ಅರ್ಥವಾಗಲು ಒಂದು ಗುಟುಕು ಕಾಫಿಯಷ್ಟು ಹೊತ್ತು ಹಿಡಿಯಿತು.

"ಅಮ್ಮಾ, ಆ ವೈರು ನಾನು ಹಾಕ್ಸಿದ್ದು."

"ಅದಕ್ಕೇ ಅಲ್ವಾ ಅವ್ರು ಒಪ್ಪಿದ್ದು," ಎಂದರು ನಾಗಲಕ್ಷ್ಮಮ್ಮ, ನಿಜವಾಗಿ ಕೃತಜ್ಞತೆಯಿಂದ. "ಊರೆಲ್ಲ ಸುತ್ತವ್ರಂತೆ. ಇಂಥ ಕರೆಂಟು ಇರೋ ಮನೆ ಎಲ್ಲೂ ಸಿಗ್ನಿಲ್ವಂತೆ."

ಹಾಗಾದರೆ ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತೇನೆ ಎಂದ ಬೈರೇಶ. ದನಿಯಲ್ಲಿ ಕೋಪ ಬರಲಿ ಎಂದುಕೊಂಡಿದ್ದ, ಬಂದದ್ದು ಅಳು. ಇನ್ನೂ ಅಲ್ಲೇ ನಿಂತಿದ್ದ ಕೆಂಚಯ್ಯ ತಲೆ ತಗ್ಗಿಸಿಕೊಂಡು ಚಪ್ಪಲಿ ನೋಡುತ್ತ, ಗೋಡೆಯೊಳಗೆ ಹೋದದ್ದು ಗೋಡೆಗೆ ಸೇರಿದ್ದು, ಕಾನೂನು ಹಾಗೆ, ಎಂದರು. ಕಾನೂನು ಹಾಗಿದೆಯೋ ಇಲ್ಲವೋ, ಗುಂಡಿಯೊಳಗಿನ ಉಪ್ಪನ್ನು ಮತ್ತೆ ಮೂಟೆಗೆ ತುಂಬಲು ಸಾಧ್ಯವಿರಲಿಲ್ಲ. ಕೆಂಚಯ್ಯ ಅಲ್ಲಿಂದ ಹಾಗೆಯೇ ಮೆಲ್ಲಗೆ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲು ಹಗಲು ಹೊತ್ತು ಹಾಕಿದ್ದನ್ನು ಬೀದಿಯವರು ಕಂಡದ್ದು ಅಂದೇ ಮೊದಲು.

ವನಜಾಕ್ಷಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೆಟ್ಟಿಲ ಮೇಲೆ ಕೂತು, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಕಾರು ಗುರುಗುಟ್ಟುವುದನ್ನು ಕೇಳುತ್ತಿದ್ದಳು. ಅವಳನ್ನು ನೋಡಿ ನಾಗಲಕ್ಷ್ಮಮ್ಮನವರ ಮನಸ್ಸು ಕರಗಿತು.

"ಬಸುರಿ ಹೆಣ್ಣನ್ನ ಬೀದಿಗೆ ಹಾಕ್ತೀನಾ ನಾನು? ಹಿಂದ್ಲ ಬೀದೀಲಿ ನನ್ ತಂಗಿ ಲತಾಮಣೀದು ಒಂದು ಮನೆ ಖಾಲಿ ಐತೆ. ಈಗ್ತಾನೆ ಫೋನ್ ಮಾಡಿ ಮಾತಾಡ್ದೆ. ಗಾಳಿ ಬೆಳಕು ಎಲ್ಲಾ ಐತೆ, ಕಾರ್ ನಿಲ್ಸಕ್ಕೂ ಜಾಗ ಐತೆ. ವೈರಿಂಗ್ ಒಂದು ಒಸಿ ಹಳೇದು. ನಾನೇ ಹೇಳಿವ್ನಿ, ನಮ್ ಬೈರೇಶಪ್ಪ ಬಂದ್ರೆ ಮೀಟ್ರಿಂದ್ಲೇ ಹೊಸದು ಹಾಕಿಸ್ಕೊತಾರೆ ಅಂತ. ಅವ್ಳಿಗೆ ಬಲು ಸಂತೋಷ ಆಯ್ತು."

ಬೈರೇಶ ಖಾಲಿ ಲೋಟವನ್ನು ಹಿಡಿದುಕೊಂಡು ನಿಂತಿದ್ದ. ಮೂಲೆಯಲ್ಲಿ ಸಾಮಾನು ಚೀಲಕ್ಕೆ ತುಂಬುತ್ತಿದ್ದ ನಜೀರ್, ಮೇಲೆ ಹಾಕಿದ್ದ ಅಳತೆ ಟೇಪನ್ನು ಮತ್ತೆ ಹೊರಗೆ ತೆಗೆದ.

"ಅಣ್ಣಾ," ಎಂದ ಮೆಲ್ಲಗೆ, "ಆ ಮನೆಗೆ ಈಗ್ಲೇ ಹೋಗಿ ನೋಡ್ಕೊಂಡು ಬರೋಣ್ವಾ, ಬೆಳಕಿರೋವಾಗ್ಲೇ?"