ಒಂದು ಕಾಳೂ ಬೀಳದ ಕೋರ್ಟು

"ಒಂದ ಚೀಲ ಅಲ್ಲೇನ ಬೇ? ಹಾಕ್ಕೋ ಹೋಗು" ಎಂದು ಕಾಲೇಜಿನ ಗೇಟು ಕಾಯುವ ಮೌಲಾಸಾಬ್ ಅಂದದ್ದೇ ಆ ದಿನದ ಅಷ್ಟೂ ಅನಾಹುತಕ್ಕೆ ಮೂಲ.

ಅಕಾಲದ ಮಳೆ ಸುರಿದು ಹಿಂದಿನ ದಿನವಷ್ಟೇ ನಿಂತಿತ್ತು. ಕೊಯ್ದ ಭತ್ತವೆಲ್ಲ ಒದ್ದೆಯಾಗಿ, ಕಾಲುವೆ ಸೀಮೆಯ ಜನ ಹರಡಲು ಗಟ್ಟಿ ನೆಲ ಹುಡುಕುತ್ತಿದ್ದರು. ಡಾಂಬರು ರಸ್ತೆಯ ಒಂದು ಮಗ್ಗುಲು, ಸಮುದಾಯ ಭವನದ ಅಂಗಳ, ಪೆಟ್ರೋಲ್ ಬಂಕಿನ ಹಿಂದಿನ ಕಟ್ಟೆ, ಎಲ್ಲ ಭರ್ತಿ. ಮಸ್ಕಿಯ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟು ಪಕ್ಕದ ಓಣಿಯ ಗದ್ದೆಮ್ಮನ ಕಣ್ಣಿಗೆ ಬಿತ್ತು. ಅವಳು ಒಂದು ಚೀಲ ಸುರಿದಳು. ಅವಳನ್ನು ಕಂಡು ಮುದುಕಪ್ಪ ಟಂಟಂ ಗಾಡಿ ತುಂಬಿಕೊಂಡು ಬಂದ. ಮುದುಕಪ್ಪನನ್ನು ಕಂಡು ಓಣಿಗೆ ಓಣಿಯೇ ಬಂತು.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಅಮರಗುಂಡಪ್ಪ ಸ್ಕೂಟರ್ ಇಳಿದಾಗ ಇಡೀ ಕೋರ್ಟು ಎಳೆಬಿಸಿಲಲ್ಲಿ ಬಂಗಾರದಂತೆ ಹೊಳೆಯುತ್ತಿತ್ತು. ಟಿವಿಯಲ್ಲಿ ಅಮೆರಿಕದವರು ಆಡುವ ಮರದ ನೆಲ! ಪಾಲಿಶ್ ಮಾಡಿದ, ಜೇನಿನ ಬಣ್ಣದ, ಮುಖ ಕಾಣುವಂಥ ನೆಲ! ಆಡಳಿತ ಮಂಡಳಿಯವರು ತನಗೆ ತಿಳಿಯದಂತೆ ರಾತ್ರೋರಾತ್ರಿ ಹಾಕಿಸಿಬಿಟ್ಟರೇ? ಚಪ್ಪಲಿ ಕಳಚಿಟ್ಟು, ಗುಡಿಗೆ ಹೋಗುವವನ ಹಾಗೆ ಬಲಗಾಲಿಟ್ಟ. ಕಾಲು ಸರಕ್ಕನೆ ಜಾರಿ, ಜೋಳದ ಚೀಲ ಬಿದ್ದಂತೆ ಕೂತುಬಿಟ್ಟ.

"ಅಯ್ಯೋ ಯಪ್ಪಾ, ನೆಲ್ಲು ತುಳಿಬ್ಯಾಡ್ರಿ ಸರ!" ಎಂದು ಗದ್ದೆಮ್ಮ ಕೂಗಿದಳು.

ಅಮರಗುಂಡಪ್ಪ ಹುಟ್ಟಿದ್ದು ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ. ಅಪ್ಪ ಗಣಿಯೊಳಗೆ ಪಾಳಿ ಕೆಲಸಕ್ಕೆ ಇಳಿದಾಗ ಮಗ ಕ್ವಾರ್ಟರ್ಸಿನ ಮೈದಾನದಲ್ಲಿ ಬಾಸ್ಕೆಟ್‌ಬಾಲ್ ರಿಂಗು ನೋಡುತ್ತ ನಿಲ್ಲುತ್ತಿದ್ದ. ಊರೆಲ್ಲ ಬಂಗಾರಕ್ಕಾಗಿ ಕೆಳಗೆ ನೋಡಿದರೆ ಇವನೊಬ್ಬ ಮೇಲೆ ನೋಡುತ್ತಿದ್ದ. ಆ ನೋಟ ಇನ್ನೂ ಕೆಳಗಿಳಿದಿಲ್ಲ. ಬಳೆಯಂಗಡಿಯ ಮುಂದೆ ನಿಂತರೂ ಅವನಿಗೆ ರಿಂಗು, ಬಾವಿಯ ಕಟ್ಟೆ ಕಂಡರೂ ರಿಂಗು. ಕೋಚ್ ಆಗಿ ಎಷ್ಟೋ ತಂಡ ಕಟ್ಟಿದ. ಆದರೆ ವಿಶ್ವವಿದ್ಯಾಲಯದ ಕ್ರೀಡಾ ಆಡಳಿತದಲ್ಲಿ ಅವನಿಗೆ ಸಿಕ್ಕಿದ್ದು ಪ್ರತಿಸಲವೂ ಊಟದ ಸಮಿತಿ. ಆಟ ಅಂಗಳದಲ್ಲಿ ನಡೆಯುವಾಗ ಅವನು ಹಿತ್ತಲಲ್ಲಿ ಚಿತ್ರಾನ್ನದ ಉಪ್ಪು ನೋಡುತ್ತಿದ್ದ.

ಈ ವರ್ಷ ಮಹಿಳೆಯರ ಅಂತರಕಾಲೇಜು ಪಂದ್ಯಾವಳಿ ಮಸ್ಕಿಗೋ ಸಿಂಧನೂರಿಗೋ ಎಂಬುದು ತೀರ್ಮಾನವಾಗಬೇಕಿತ್ತು. ಮಸ್ಕಿಗೆ ಬಂದರೆ ಅಮರಗುಂಡಪ್ಪನೇ ಸಂಘಟನಾ ಕಾರ್ಯದರ್ಶಿ. ಬರುವ ಬೇಸಿಗೆಗೆ ಅವನ ನಿವೃತ್ತಿ. ಈ ಸಲ ತಪ್ಪಿದರೆ ಚಿತ್ರಾನ್ನವೇ ಗತಿ. ಎರಡೂ ಕೋರ್ಟು ನೋಡಲು ವಿಶ್ವವಿದ್ಯಾಲಯದ ವೀಕ್ಷಕ ಹನುಮಂತರಾಯರು ಇವತ್ತೇ ಬರುವವರಿದ್ದರು. ಬೆಳಿಗ್ಗೆ ಸಿಂಧನೂರು, ಮಧ್ಯಾಹ್ನ ಮಸ್ಕಿ.

ಅವನು ಎದ್ದು, ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟು ಜೋರಾಗಿ ಊದಿದ. ಗುಬ್ಬಿಗಳೆಲ್ಲ ಭರ್ರನೆ ಹಾರಿಹೋದವು. ಜನ ಮಾತ್ರ ಕದಲಲಿಲ್ಲ.

"ಭೇಷ್ ಸರ! ಇನ್ನೊಮ್ಮಿ ಊದ್ರಿ, ಗುಬ್ಬಿ ಕಾಟ ಬಾಳ ಆಗೇತಿ" ಎಂದ ಮುದುಕಪ್ಪ.

"ಎತ್ರಿ ಎಲ್ಲಾ! ಇದು ಆಟದ ಕೋರ್ಟು!"

"ಆಟದ್ದು ಅಂತ ಗೊತ್ತಿದ್ದಕ್ಕ ನಿಮ್ಮ ಗೆರಿ ದಾಟಿಲ್ಲರಿ" ಎಂದಳು ಗದ್ದೆಮ್ಮ. ನಿಜ. ಅವನು ಸುಣ್ಣ ಬಳಿದು ಎಳೆಸಿದ್ದ ಗೆರೆಗಳೆಲ್ಲ ಈಗ ಬದುಗಳಾಗಿದ್ದವು. ನಡುವಿನ ವೃತ್ತ ಗದ್ದೆಮ್ಮನದು. ಈಚೆಯ ಅರ್ಧ ಮುದುಕಪ್ಪನದು. ಗೆರೆಯ ಮೇಲೆ ಬಿದ್ದ ಹಿಡಿ ಕಾಳಿಗಾಗಿ ಇಬ್ಬರು ಆಗಲೇ ಜಗಳ ತೆಗೆದಿದ್ದರು.

ಅಮರಗುಂಡಪ್ಪ ಪ್ರಾಂಶುಪಾಲರ ಕೋಣೆಗೆ ಓಡಿದ.

"ತೆಗೆಸ್ರಿ, ತೆಗೆಸ್ರಿ, ಶಿಸ್ತು ಇರಬೇಕು" ಎಂದರು ಅವರು. ಆಮೇಲೆ ಕಿಟಕಿಯಾಚೆ ನೋಡುತ್ತ, "ಆ ಕಡೆ ರಿಂಗಿನ ಕೆಳಗಿಂದು ಮಾತ್ರ ಇರ್ಲಿ" ಎಂದರು.

"ಯಾಕ್ರಿ ಸರ?"

"ಅದು ನಮ್ಮ ಮನಿದು."

ಅಷ್ಟರಲ್ಲಿ ಸಿಂಧನೂರಿನ ಕೋಚ್ ರಫೀಕ್‌ನ ಫೋನು. ಒಂದು ಕಾಲಕ್ಕೆ ಇವನ ಶಿಷ್ಯ. "ಸರ, ನಮ್ಮದು ಮುಗೀತು. ಕೋರ್ಟ್ ತುಂಬ ನೆಲ್ಲು ಹಾಕ್ಯಾರ, ಕಾಲಿಡಾಕ ಜಾಗಿಲ್ಲ. ಸಾಹೇಬ್ರು ನೋಡಿ ಏನೂ ಮಾತಾಡದಂಗ ಎದ್ದು ಹೋದ್ರು. ಈ ಸಲ ನಿಮ್ಮದ ಬಿಡ್ರಿ, ಮುಬಾರಕ್."

ಅಮರಗುಂಡಪ್ಪನ ಕಾಲು ನೆಲ ಬಿಟ್ಟಿತು. ಎದೆಯ ಮೇಲೆ ರಿಬ್ಬನ್ನಿನ ಬಿಲ್ಲೆ, ಮೈಕಿನಲ್ಲಿ ತನ್ನ ಹೆಸರು, ದೂರದ ಊರುಗಳಿಂದ ಬಸ್ಸಿಳಿಯುವ ಹುಡುಗಿಯರು, ಊಟದ ಸಮಿತಿಯಲ್ಲಿ ಬೇರೆ ಯಾರೋ. ಕೋರ್ಟು ಖಾಲಿ ಮಾಡಿದರೆ ಸಾಕು, ಗೆದ್ದಂತೆಯೇ.

ಅವನು ಗದ್ದೆಮ್ಮನ ಮುಂದೆ ಹೋಗಿ ಕೈಮುಗಿದ. ಬೈಯಲಿಲ್ಲ. ಚಿತ್ರಾನ್ನದ ಕತೆಯನ್ನೆಲ್ಲ ಹೇಳಿಕೊಂಡ. ಗದ್ದೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸಾಕ ಸುಮ್ಮನಿರ್ರಿ ಸರ, ಅಳಸಬ್ಯಾಡ್ರಿ. ನಿಮ್ಮ ಮಗಳ ಲಗ್ನ ಅಂತ ತಿಳಕೊಂಡು ಎತ್ತತೀವಿ. ಏ ಮುದುಕಪ್ಪ, ಚೀಲ ಹಿಡಿಯೋ!"

ತಂಡದ ನಾಯಕಿ ನಗ್ಮಾ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು. ಬುಟ್ಟಿಗಳು ಕೈಯಿಂದ ಕೈಗೆ ಹಾರತೊಡಗಿದವು. "ಪಾಸ್! ಪಾಸ್ ಮಾಡ್ಲೇ! ಡ್ರಿಬಲ್ ಮಾಡಬ್ಯಾಡ, ನೆಲ್ಲು ಐತಿ!" ಇಷ್ಟು ಚಂದದ ಪಾಸಿಂಗನ್ನು ಅಮರಗುಂಡಪ್ಪ ಯಾವ ಪಂದ್ಯದಲ್ಲೂ ಕಂಡಿರಲಿಲ್ಲ. ಪ್ರಾಂಶುಪಾಲರ ಮನೆಯದೂ ಸೇರಿ ಅಷ್ಟೂ ಭತ್ತ ಸಭಾಂಗಣ ಸೇರಿತು. ನೆಲವನ್ನು ಮೂರು ಸಲ ಗುಡಿಸಿದರು. ಅವನು ಮಂಡಿಯೂರಿ, ಬಿರುಕಿನಲ್ಲಿ ಸಿಕ್ಕಿದ್ದ ಕೊನೆಯ ಕಾಳನ್ನು ಉಗುರಿನಿಂದ ಕಿತ್ತು ಕಿಸೆಗೆ ಹಾಕಿಕೊಂಡ.

"ಇನ್ನೊಂದ ಮಾತು. ಯಾರ ಕೇಳಿದ್ರೂ ಇಲ್ಲಿ ನೆಲ್ಲು ಹಾಕಿದ್ದೇ ಇಲ್ಲ ಅನ್ರಿ. ಆಣಿ ಮಾಡ್ರಿ."

"ಮಲ್ಲಯ್ಯನ ಆಣಿ" ಎಂದಳು ಗದ್ದೆಮ್ಮ, ಬೆಟ್ಟದ ಗುಡಿಯ ಕಡೆ ಕೈಯೆತ್ತಿ. ಉಳಿದವರೂ ಎತ್ತಿದರು.

ಮಧ್ಯಾಹ್ನ ಹನುಮಂತರಾಯರ ಜೀಪು ಬಂತು. ಇಳಿದವರೇ ಕೋರ್ಟಿನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು. ಬಾಗಿ ಅಂಗೈಯಿಂದ ನೆಲ ಸವರಿದರು. ರಿಂಗನ್ನು ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. ಗದ್ದೆಮ್ಮ, ಮುದುಕಪ್ಪ ಮತ್ತು ಓಣಿಯವರು ಬೇವಿನ ಮರದ ಕೆಳಗೆ, ಫೋಟೊಕ್ಕೆ ಕೂತವರಂತೆ ಉಸಿರು ಬಿಗಿಹಿಡಿದಿದ್ದರು.

"ಕೋರ್ಟು ಬಾಳ ಸ್ವಚ್ಛ ಐತಲ್ರಿ?"

"ಯಾವಾಗ್ಲೂ ಹಿಂಗರಿ ಸರ."

"ಇಲ್ಲಿ ನೆಲ್ಲು ಒಣಗಸಂಗಿಲ್ಲೇನು?"

ಅಮರಗುಂಡಪ್ಪ ಎದೆಯುಬ್ಬಿಸಿದ. "ಛೇ ಛೇ! ನಾ ಬಂದಾಗಿನಿಂದ ಈ ನೆಲದ ಮ್ಯಾಲ ಒಂದು ಕಾಳೂ ಬಿದ್ದಿಲ್ಲರಿ."

ಹನುಮಂತರಾಯರು ಉದ್ದಕ್ಕೆ ಉಸಿರುಬಿಟ್ಟರು. "ನನಗ ಅನುಮಾನ ಇತ್ತು. ನಾ ಜವಳಗೇರಾದವ ಸರ, ನೆಲ್ಲಿನಾಗ ಬೆಳದಾವ. ಮಳಿ ಹೋಗಿ ಬಿಸಲು ಬಿದ್ದೇತಿ. ಊರಾಗ ಒಂದು ಚಾಪಿ ಅಗಲ ನೆಲ ಖಾಲಿ ಇಲ್ಲ. ಅಂಥಾದ್ರಾಗ ಇಷ್ಟ ದೊಡ್ಡ ಸಿಮೆಂಟ್ ನೆಲ ಬಣಬಣ ಅನ್ನಾಕತ್ತೇತಿ ಅಂದ್ರ ಏನೋ ಐಬು ಐತಿ. ನೀರು ನಿಲ್ಲತಿರಬೇಕು, ಇಲ್ಲಾ ಕೆಳಗಿಂದ ತೇವ ಏರತಿರಬೇಕು. ಒಣಾ ಬಿಸಲಾಗ ಎಲ್ಲಾ ನೆಲಾನೂ ಚಂದೇ ಕಾಣತಾವ."

"ಸರ, ಹಂಗಲ್ಲರಿ..."

"ಸಿಂಧನೂರಾಗ ನೋಡಿದೆ. ಗೆರಿಗೆ ಗೆರಿ ತುಂಬಿ ನೆಲ್ಲು ಹಾಕ್ಯಾರ. ಅಂದ್ರ ನೆಲ ಪಕ್ಕಾ. ಪಂದ್ಯದ ಹೊತ್ತಿಗೆ ಎತ್ತಿದ್ರ ಆತು. ಟೂರ್ನಮೆಂಟ್ ಅಲ್ಲೇ ಆಗ್ಲಿ."

ಅಮರಗುಂಡಪ್ಪ ಬೇವಿನ ಮರದ ಕಡೆ ಕೈಚಾಚಿದ. "ಹಾಕ್ತಾರ್ರಿ ಸರ! ಮುಂಜಾನಿತನ ಇಲ್ಲೇ ಇತ್ರಿ! ಬೇಕಾದ್ರ ಇವರ್ನ ಕೇಳ್ರಿ! ಗದ್ದೆಮ್ಮಾ, ಹೇಳ ಬೇ!"

ಗದ್ದೆಮ್ಮ ಎದ್ದು ಬಂದಳು. ಅಮರಗುಂಡಪ್ಪನಿಗೆ ಗೊತ್ತಾಗುವಂತೆ ಒಂದು ಕಣ್ಣು ಮಿಟುಕಿಸಿ, ಗಂಭೀರವಾಗಿ ನುಡಿದಳು: "ಇಲ್ಲರಿ ಸಾಹೇಬ್ರ. ಇಲ್ಲಿ ನಾವು ಒಂದ ಕಾಳೂ ಹಾಕಿಲ್ಲ. ಮಲ್ಲಯ್ಯನ ಆಣಿ."

"ಮಲ್ಲಯ್ಯನ ಆಣಿ" ಎಂದಿತು ಓಣಿ.

ಅಮರಗುಂಡಪ್ಪ ಕಿಸೆಗೆ ಕೈಹಾಕಿ ಆ ಒಂದು ಕಾಳನ್ನು ತೆಗೆದು ಹಿಡಿದ. ಹನುಮಂತರಾಯರು ಅವನ ಭುಜ ತಟ್ಟಿದರು. "ಮನಸಿಗೆ ಹಚ್ಚಿಕೋಬ್ಯಾಡ್ರಿ. ನಿಮ್ಮನ್ನೇನು ಬಿಡಂಗಿಲ್ಲ. ಊಟದ ಸಮಿತಿಗೆ ನೀವು ಬೇಕೇ ಬೇಕು."

ಜೀಪು ಹೋಯಿತು. ಗದ್ದೆಮ್ಮ ಗೆಲುವಿನಿಂದ ಹತ್ತಿರ ಬಂದಳು. "ಹೆಂಗ ಹೇಳಿದೆ ಸರ? ಒಂದೀಟರ ಎಡವಿದೆನೇನು?"

ಅವನು ಅವಳ ಮುಖ ನೋಡಿದ. ಕಾಳನ್ನು ಮತ್ತೆ ಕಿಸೆಗೆ ಹಾಕಿಕೊಂಡ. "ಇಲ್ಲ ಬೇ. ಬಾಳ ಚಲೋ ಹೇಳಿದಿ. ಹೋಗು, ಹರವು. ಇನ್ನೂ ಬಿಸಲೈತಿ."

ಬುಟ್ಟಿಗಳು ಮತ್ತೆ ಕೈಯಿಂದ ಕೈಗೆ ಹಾರಿ ಬಂದವು. ಇಳಿಬಿಸಿಲಲ್ಲಿ ಕೋರ್ಟು ಮತ್ತೆ ಜೇನಿನ ಬಣ್ಣ ತಾಳಿತು. ಅಮರಗುಂಡಪ್ಪ ರಿಂಗಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಪ್ರಾಂಶುಪಾಲರ ಮನೆಯ ಭತ್ತದ ಮಗ್ಗುಲಲ್ಲಿ ಸೀಟಿ ಹಿಡಿದು ಕೂತ. ಎಲ್ಲಿಂದಲೋ ಒಂದು ಗುಬ್ಬಿ ತೇಲಿ ಬಂದು, ರಿಂಗಿನೊಳಗಿಂದ ನೇರ ಕೆಳಗಿಳಿದು ಕಾಳು ಹೆಕ್ಕತೊಡಗಿತು.

"ಊದ್ರಿ ಸರ, ಊದ್ರಿ!" ಎಂದು ಮುದುಕಪ್ಪ ಕೂಗಿದ.

ಅಮರಗುಂಡಪ್ಪ ಊದಿದ. ಊದಿ, ಎರಡು ಬೆರಳೆತ್ತಿ ಎರಡು ಪಾಯಿಂಟು ಕೊಟ್ಟ.