ಅತ್ತೆಯ ಉಂಗುರಕ್ಕೆ ಕಾವು ಕೊಟ್ಟದ್ದು

ಈ ಸಲ ಮಗಳಿಗೆ ಭೌತಶಾಸ್ತ್ರವನ್ನು ನಾನೇ ಕಲಿಸಿ ತೋರಿಸುತ್ತೇನೆಂದು ಶಪಥ ಮಾಡಿದೆ! ಬೀದರಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ಅದೇ ವಿಷಯ ಬೋಧಿಸಿದ ಮಹಾಶಯ ನಾನು. ಮರುದಿನವೇ ಪರೀಕ್ಷೆ. ಆಮ್ರಪಾಲಿ ‘ದ್ರವ್ಯದ ಉಷ್ಣೀಯ ಗುಣಗಳು’ ಪಾಠವನ್ನು ಗಿಣಿಯಂತೆ ಒಪ್ಪಿಸುತ್ತಿದ್ದಳು.

“ಬಾಯಿಪಾಠ ಬ್ಯಾಡ! ಲೋಹ ಕಾದ್ರ ಹಿಗ್ತದ. ಕಣ್ಣಾರೆ ನೋಡು!”

ಲೋಹ ಬೇಕಲ್ಲ? ಕಪಾಟಿನಲ್ಲಿ ಅತ್ತೆ ಕೌಸಲ್ಯಾಬಾಯಿಯವರ ಚಿನ್ನದ ಉಂಗುರವಿತ್ತು. ತೀರಿಹೋದ ಮಾವನವರು ಮದುವೆಯಲ್ಲಿ ತೊಡಿಸಿದ್ದು. ಪಾಲಿಶ್ ಮಾಡಿಸಲು ಅತ್ತೆ ನಮ್ಮಲ್ಲಿ ಬಿಟ್ಟುಹೋಗಿದ್ದರು.

“ರೀ, ಅದನ್ನ ಮುಟ್ಟಬ್ಯಾಡ್ರಿ! ಅವ್ವ ಹನ್ನೆರಡರ ಬಸ್ಸಿಗಿ ಹಲಬರ್ಗಾದಿಂದ ಬರ್ತಾಳ!” ಹೆಂಡತಿ ಮಹಾಮಾಯಾ ಕೂಗಿದಳು.

“ವಿಜ್ಞಾನಕ್ಕ ಅಡ್ಡ ಬರಬ್ಯಾಡ!”

ತಣ್ಣನೆಯ ಉಂಗುರ ನನ್ನ ಬೆರಳಿನ ಗೆಣ್ಣಿನಲ್ಲೇ ತಡೆಯಿತು. ಬಿಸಿನೀರಿನಲ್ಲಿ ಅದ್ದಿ, ಹಲ್ಲು ಕಚ್ಚಿ ಒತ್ತಿದೆ. ಹೋಯಿತು!

“ನೋಡಿದಿ? ಹಿಗ್ತು!”

ಹಿಗ್ಗಿದ್ದು ನಾನು. ಉಂಗುರ ಮಾತ್ರ ಈಚೆ ಬರಲೊಲ್ಲದು! ಎಳೆದೆ. ಸೋಪು ಹಚ್ಚಿದೆ. ಮತ್ತೆ ಬಿಸಿನೀರಿನಲ್ಲಿ ಕೈಯಿಟ್ಟೆ. ಬೆರಳೇ ಉಬ್ಬಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅಕ್ಕಸಾಲಿ ಶಿವಕಾಂತನಿಗೆ ಫೋನು ಮಾಡಿದೆ.

“ಕತ್ತರಿಸಬೇಕ್ರಿ ಸರ್.”

“ಏನು, ಉಂಗುರಾ?”

“ಲಗೂ ಬಂದ್ರ ಉಂಗುರಾ. ತಡಾ ಮಾಡಿದ್ರ ಮುಂದಿಂದು ದವಾಖಾನಿಯವ್ರು ನೋಡ್ತಾರ್ರಿ.”

ಉಂಗುರ ಕತ್ತರಿಸಿದರೆ ಅತ್ತೆ ನನ್ನನ್ನು ಬಿಡುವುದಿಲ್ಲ. ಕತ್ತರಿಸದಿದ್ದರೆ ಬೆರಳು ನನ್ನನ್ನು ಬಿಡುತ್ತದೆ!

“ಆಮ್ರಪಾಲಿ, ಇನ್ನಾ ಎಷ್ಟು ಕಾಸಬೇಕು, ಲೆಕ್ಕಾ ಮಾಡವ್ವ!”

ಅವಳು ಪೆನ್ನು ಹಿಡಿದು ಗೀಚಿದಳು. “ಒಂದು ಮಿಲಿಮೀಟರ್ ಹಿಗ್ಗಬೇಕಂದ್ರ ನಾಕು ಸಾವಿರ ಡಿಗ್ರಿ ಮ್ಯಾಲ ಬೇಕು ಪಪ್ಪಾ. ಬಂಗಾರ ಸಾವಿರ ಚಿಲ್ಲರಕ್ಕೇ ಕರಗ್ತದ.”

“ಮತ್ತ ನನ್ನ ಬೆರಳು?”

“ಅದು ಸಿಲೆಬಸ್‌ನಾಗ ಇಲ್ಲ.”

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು! ನಾನು ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ. ಮಹಾಮಾಯಾ ಎಳೆದು ತೋರಿಸಿಯೇ ಬಿಟ್ಟಳು.

ಅತ್ತೆ ಹೊಲಿಗೆಯ ದಾರ ತರಿಸಿ, ತುದಿಯನ್ನು ಉಂಗುರದಡಿ ತೂರಿಸಿ, ಉಳಿದದ್ದನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ಎಣ್ಣೆ ಸವರಿದರು. ಆ ತುದಿ ಹಿಡಿದು ದಾರ ಬಿಚ್ಚುತ್ತ ಬಂದಂತೆ ಉಂಗುರ ಜಾರಿ ಜಾರಿ ಅವರ ಅಂಗೈಗೆ ಬಿತ್ತು. ಸೆರಗಿನಲ್ಲಿ ಒರೆಸಿ ತೊಟ್ಟುಕೊಂಡರು. ಆಮೇಲೆ ನನ್ನನ್ನು ನೋಡಿದರು.

“ಕಾಲೇಜಿನ್ಯಾಗ ಇದನ್ನೇ ಕಲಸ್ತೀರೇನ್ರಿ?”

“ಹೌದ್ರಿ ಅತ್ತಿ.”

“ಹುಡುಗ್ರು ಪಾಸಾಗ್ತಾವೇನು?”

ನಾನು ಬಾಯಿ ತೆರೆಯುವ ಮೊದಲೇ, ಪುಸ್ತಕದಿಂದ ತಲೆ ಎತ್ತದೆ ಮಗಳು ಅಜ್ಜಿಗೆ ಉತ್ತರಿಸಿದಳು:

“ಆಗ್ತಾರ ಆಯಿ. ಎಲ್ಲಾರೂ ಟ್ಯೂಷನ್ನಿಗಿ ಹೋಗ್ತಾರ.”